ಏಳು ವರ್ಷದ ಬ್ರಹ್ಮಕಮಲ: ಎಲೆಗೆ ಬರವಿಲ್ಲ, ಮೊಗ್ಗು ಮಾತ್ರ ಇಲ್ಲ

ಜಗಲಿಗಿಡ (ಮೈಸೂರು), ಜನವರಿ 21

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಬ್ರಹ್ಮಕಮಲದ ಗಿಡವೊಂದಿದೆ. ಸಹೋದ್ಯೋಗಿಯೊಬ್ಬರು ಏಳು ವರ್ಷಗಳ ಹಿಂದೆ ಕೊಟ್ಟ ಒಂದೇ ಒಂದು ಎಲೆಯಿಂದ ಬೆಳೆದದ್ದು. ಪೂರ್ವಕ್ಕೆ ಮುಖ ಮಾಡಿದ ಜಗಲಿಯಲ್ಲಿ, ತಗಡಿನ ಸೂರಿನ ಕೆಳಗೆ, 14 ಇಂಚಿನ ಕುಂಡದಲ್ಲಿದೆ. ಕೆಮ್ಮಣ್ಣು ಮತ್ತು ಹಳೆಯ ಸಗಣಿ ಗೊಬ್ಬರವನ್ನು ಅರ್ಧಕ್ಕರ್ಧ ಬೆರೆಸಿ ಹಾಕಿದ್ದೇನೆ. ಬೇಸಿಗೆಯಲ್ಲಿ ದಿನವೂ, ಉಳಿದ ಕಾಲದಲ್ಲಿ ಎರಡು ದಿನಕ್ಕೊಮ್ಮೆ ನೀರು ಕೊಡುತ್ತೇನೆ. ಗಿಡದ ಆರೋಗ್ಯಕ್ಕೆ ಯಾವ ಕೊರತೆಯೂ ಕಾಣುವುದಿಲ್ಲ. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದವರಿಗೆಲ್ಲ ತಾಂಬೂಲದ ಜೊತೆಗೆ ಒಂದೊಂದು ಎಲೆ ಕೊಡುವಷ್ಟು ಸಮೃದ್ಧವಾಗಿದೆ. ಆದರೆ ಈ ಏಳು ವರ್ಷಗಳಲ್ಲಿ ಒಂದು ಮೊಗ್ಗನ್ನೂ ನಾನು ಕಂಡಿಲ್ಲ.

ಇದರಲ್ಲಿ ನನಗೆ ಅರ್ಥವಾಗದ ಸಂಗತಿಯೆಂದರೆ, ನನ್ನಿಂದ ಎಲೆ ತೆಗೆದುಕೊಂಡು ಹೋದವರ ಮನೆಗಳಲ್ಲಿ ಹೂ ಬಿಡುತ್ತಿದೆ. ಎರಡು ಮನೆ ಆಚೆ ಇರುವವರ ಗಿಡದಲ್ಲಿ ಕಳೆದ ಆಗಸ್ಟ್‌ನಲ್ಲಿ ಒಂದೇ ರಾತ್ರಿ ಐದು ಹೂ ಅರಳಿದವು. ಹತ್ತು ಗಂಟೆಗೆ ಫೋನು ಮಾಡಿ ಕರೆದರು. ಹೋಗಿ ಅರಿಶಿನ ಕುಂಕುಮ ಇಟ್ಟು, ನನ್ನದೇ ಗಿಡದ ಹೂವನ್ನು ಪರರ ಮನೆಯಲ್ಲಿ ನೋಡಿ, ಕೇಸರಿಬಾತು ತಿಂದು ಬಂದೆ. ಬೇಸರವೆಂದು ಹೇಳಲಾರೆ, ಆದರೆ ಕಾರಣ ತಿಳಿಯಬೇಕೆನಿಸಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ತಾರಸಿತೋಟ (ಬೆಂಗಳೂರು), ಜನವರಿ 21

ಮೇಡಂ, ಇದರಲ್ಲಿ ಗೊಂದಲವೇ ಇಲ್ಲ. ಸಗಣಿ ಗೊಬ್ಬರ ಅರ್ಧ ಭಾಗವೆಂದರೆ ಸಾರಜನಕ ವಿಪರೀತವಾಯಿತು. ಗಿಡ ಸೊಪ್ಪು ಬೆಳೆಯುತ್ತದೆ, ಹೂವಿನ ಗೊಡವೆಗೆ ಹೋಗುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ 0:52:34 (ಸಾರಜನಕವಿಲ್ಲದ, ರಂಜಕ ಮತ್ತು ಪೊಟ್ಯಾಷ್ ಮಾತ್ರ ಇರುವ ಗೊಬ್ಬರ) ಎಂದು ಕೇಳಿ. ಲೀಟರಿಗೆ ಒಂದು ಗ್ರಾಂ ಕರಗಿಸಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕೊಡಿ. ಜೊತೆಗೆ ಕುಂಡವನ್ನು ಬಿಸಿಲಿಗೆ ಸರಿಸಿ. ಜೂನ್ ಹೊತ್ತಿಗೆ ಮೊಗ್ಗು ಕಾಣದಿದ್ದರೆ ನನ್ನನ್ನು ಕೇಳಿ.

ಸಸ್ಯಪಾಠ (ಧಾರವಾಡ), ಜನವರಿ 22

ತಾರಸಿತೋಟ ಅವರು ಹೇಳಿದ್ದರಲ್ಲಿ ಗೊಬ್ಬರದ ಮಾತು ಸರಿಯಿದೆ, ಆದರೆ ಬಿಸಿಲಿನ ಮಾತನ್ನು ಹಾಗೆಯೇ ಪಾಲಿಸಿದರೆ ಗಿಡ ಸುಟ್ಟುಹೋದೀತು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುವ ಚಟವನ್ನು ಮನ್ನಿಸಬೇಕು.

ನಾವು ಬ್ರಹ್ಮಕಮಲವೆಂದು ಕರೆಯುವ ಈ ಗಿಡದ ಶಾಸ್ತ್ರೀಯ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. ಇದು ಕಳ್ಳಿಯ ಜಾತಿ. ಬೇಲಿಯ ಪಾಪಾಸುಕಳ್ಳಿಗೂ ಇದಕ್ಕೂ ಒಂದೇ ಕುಟುಂಬ. ಆದರೆ ಕಳ್ಳಿ ಎಂದ ಕೂಡಲೇ ಮರಳುಗಾಡನ್ನು ನೆನೆಯಬಾರದು. ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲ ಮೊದಲಾದ ಕಡೆ ಇದು ತೇವದ ಕಾಡಿನಲ್ಲಿ ಮರದ ಕವಲುಗಳ ಮೇಲೆ, ಅಲ್ಲಿ ಕೂಡಿಕೊಂಡ ತರಗೆಲೆಯ ಗೊಬ್ಬರದಲ್ಲಿ ಬೇರೂರಿ ಬದುಕುತ್ತದೆ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ನಮ್ಮ ಮಲೆನಾಡಿನ ಸೀತಾಳೆ ದಂಡೆಯಂತೆ ಮರವನ್ನು ಆಸರೆಯಾಗಿ ಮಾತ್ರ ಬಳಸುತ್ತದೆ. ಹೀಗೆ ಮರದ ನೆತ್ತಿಯ ನೆರಳು-ಬೆಳಕಿನಾಟದಲ್ಲಿ, ಮಳೆ ಬಿದ್ದರೂ ಕ್ಷಣದಲ್ಲಿ ಬಸಿದುಹೋಗುವ ಜಾಗದಲ್ಲಿ ಬೆಳೆಯುವ ಗಿಡವನ್ನು ನಾವು ಕೆಮ್ಮಣ್ಣು ತುಂಬಿದ ದೊಡ್ಡ ಕುಂಡದಲ್ಲಿಟ್ಟು ದಿನವೂ ನೀರೆರೆದರೆ, ಅದರ ಬೇರಿಗೆ ಉಸಿರಾಡಲು ಆಗುವುದಿಲ್ಲ.

ಇನ್ನೊಂದು ಮಾತು. ನೀವು ಎಲೆ ಎನ್ನುತ್ತಿರುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಎಲೆಯ ಕೆಲಸವನ್ನೆಲ್ಲ ಈ ಹಸಿರು ಕಾಂಡವೇ ಮಾಡುತ್ತದೆ. ಅದರ ಅಂಚಿನಲ್ಲಿ ಅಲೆಯಲೆಯಾಗಿ ಕಚ್ಚುಗಳಿವೆಯಲ್ಲವೇ, ಪ್ರತಿ ಕಚ್ಚಿನ ಸಂದಿಯಲ್ಲೂ ಒಂದು ಕಣ್ಣು ಇರುತ್ತದೆ, ಕಬ್ಬಿನ ಗಿಣ್ಣಿನಲ್ಲಿ ಇರುವಂತೆ. ಹೊಸ ಚಿಗುರಾಗಲಿ ಹೂವಾಗಲಿ ಬರುವುದು ಆ ಕಣ್ಣಿನಿಂದಲೇ. ಎಲೆಯ ತುದಿಯಲ್ಲಿ ಹೂ ಬಿಡುವ ವಿಚಿತ್ರ ಗಿಡ ಎಂದು ಜನ ಬೆರಗಾಗುವುದು ಇದನ್ನು ಎಲೆಯೆಂದು ಭಾವಿಸಿದ್ದರಿಂದ.

ಇದು ಹಗಲಿನಲ್ಲಿ ತನ್ನ ಉಸಿರುರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುವ ಗಿಡವೂ ಹೌದು. ಇಂಗಾಲದ ಡೈಆಕ್ಸೈಡನ್ನು ತಂಪು ಹೊತ್ತಿನಲ್ಲಿ ಒಳಗೆಳೆದು ಆಮ್ಲವಾಗಿ ಕೂಡಿಟ್ಟುಕೊಂಡು, ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತದೆ. ಆದ್ದರಿಂದಲೇ ನೀರು ಹೆಚ್ಚಾಗುವುದಕ್ಕಿಂತ ತುಸು ಕಡಿಮೆಯಾಗುವುದನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ.

ಬಿಸಿಲುನಾಡು (ಕಲಬುರಗಿ), ಜನವರಿ 22

ಬಿಸಿಲಿನ ವಿಷಯದಲ್ಲಿ ಸಸ್ಯಪಾಠ ಸರ್ ಹೇಳಿದ್ದಕ್ಕೆ ನಾನೇ ಸಾಕ್ಷಿ. ಎರಡು ವರ್ಷಗಳ ಹಿಂದೆ ಯಾರದೋ ಮಾತು ಕೇಳಿ ಏಪ್ರಿಲ್‌ನಲ್ಲಿ ತಾರಸಿಗೆ ಏರಿಸಿದೆ. ನಾಲ್ಕೇ ದಿನದಲ್ಲಿ ಎಲೆಗಳೆಲ್ಲ ಹಳದಿಯಾಗಿ, ಸುಟ್ಟ ಹಪ್ಪಳದಂತೆ ಕಂದು ಮಚ್ಚೆಗಳೆದ್ದವು. ನಮ್ಮ ಕಡೆ ಬೆಳಿಗ್ಗೆ ಒಂಬತ್ತರ ನಂತರದ ಬಿಸಿಲು ಈ ಗಿಡಕ್ಕೆ ಬೇಡವೇ ಬೇಡ. ಈಗ ಬೇವಿನ ಮರದ ಕೆಳಗೆ ತೂಗುಹಾಕಿದ್ದೇನೆ, ಬೇಸಿಗೆಯ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸುತ್ತೇನೆ. ಸೆಪ್ಟೆಂಬರ್‌ನಲ್ಲಿ ಎರಡು ಹೂವಾದವು.

ಒಂದು ಪ್ರಶ್ನೆ ಇದೆ. ಇದು ನಿಜವಾದ ಬ್ರಹ್ಮಕಮಲವೇ ಅಲ್ಲ, ನಿಜವಾದದ್ದು ಹಿಮಾಲಯದಲ್ಲಿದೆ ಎಂದು ಕೇದಾರಕ್ಕೆ ಹೋಗಿ ಬಂದ ನಮ್ಮ ಕಾಕಾ ವಾದಿಸುತ್ತಾರೆ. ಯಾವುದು ಸರಿ?

ಸಸ್ಯಪಾಠ (ಧಾರವಾಡ), ಜನವರಿ 23

ನಿಮ್ಮ ಕಾಕಾ ಹೇಳುವುದು ಸರಿ. ಹಿಮಾಲಯದಲ್ಲಿ ಸುಮಾರು 3,000 ಮೀಟರಿಗಿಂತ ಎತ್ತರದಲ್ಲಿ ಬೆಳೆಯುವ ಸಸೂರಿಯಾ ಓಬ್ವಲಾಟಾ ಎಂಬ ಗಿಡಕ್ಕೆ ಅಲ್ಲಿಯ ಜನ ಬ್ರಹ್ಮಕಮಲ ಎನ್ನುತ್ತಾರೆ, ಅದೇ ಉತ್ತರಾಖಂಡದ ರಾಜ್ಯಪುಷ್ಪ. ಅದು ಸೇವಂತಿಗೆಯ ಕುಟುಂಬಕ್ಕೆ ಸೇರಿದ್ದು. ತಿಳಿಹಳದಿಯ ತೆಳು ಪರದೆಯಂಥ ಪತ್ರಗಳ ಒಳಗೆ ಅದರ ನೇರಳೆ ಹೂಗಳು ಅಡಗಿರುತ್ತವೆ. ಕೇದಾರನಾಥ, ಬದರಿನಾಥಗಳಲ್ಲಿ ದೇವರಿಗೆ ಏರಿಸುವುದು ಅದನ್ನು. ನಮ್ಮ ಜಗಲಿಯ ಗಿಡಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ.

ಆದರೂ ಒಂದು ಕಾಕತಾಳೀಯವಿದೆ. ಈ ಎರಡೂ ಗಿಡಗಳನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿ ಹೆಸರಿಟ್ಟವರು ಒಬ್ಬರೇ, ಸ್ವಿಟ್ಜರ್ಲೆಂಡಿನ ಆಗಸ್ಟಿನ್ ಪಿರಾಮುಸ್ ಡಿ ಕ್ಯಾಂಡೋಲ್. ಮೆಕ್ಸಿಕೊದ ಕಳ್ಳಿಗೆ 1828ರಲ್ಲಿ, ಹಿಮಾಲಯದ ಗಿಡಕ್ಕೆ 1838ರಲ್ಲಿ. ಅವರು ಇಟ್ಟ ಹೆಸರುಗಳು ಮುಂದೆ ಬದಲಾದವು, ಅದು ಬೇರೆ ಕಥೆ. ಒಂದೇ ಲೇಖನಿಯಿಂದ ಇಳಿದ ಎರಡು ಗಿಡಗಳು ಭಾರತದಲ್ಲಿ ಒಂದೇ ಹೆಸರು ಹೊತ್ತು ಜಗಳಕ್ಕೆ ನಿಲ್ಲುತ್ತವೆಂದು ಅವರು ಕನಸಿನಲ್ಲೂ ಎಣಿಸಿರಲಾರರು.

ಕೇರಳದವರು ನಮ್ಮ ಜಗಲಿಯ ಈ ಕಳ್ಳಿಯನ್ನು ನಿಶಾಗಂಧಿ ಎನ್ನುತ್ತಾರೆ. ನಾವೂ ಹಾಗೆಯೇ ಕರೆದಿದ್ದರೆ ಗೊಂದಲವಿರುತ್ತಿರಲಿಲ್ಲ. ಮೆಕ್ಸಿಕೊ ಕಡೆಯ ಕಳ್ಳಿಗಳಿಗೆ ಕಮಲದ ಹೆಸರು ಕಟ್ಟುವ ಉತ್ಸಾಹ ನಮ್ಮಲ್ಲಿ ಇನ್ನೂ ಆರಿಲ್ಲ. ಇದರ ಹತ್ತಿರದ ನೆಂಟನಾದ ಡ್ರ್ಯಾಗನ್ ಹಣ್ಣಿಗೆ ಗುಜರಾತಿನಲ್ಲಿ 2021ರಲ್ಲಿ ಕಮಲಂ ಎಂದು ಹೆಸರಿಟ್ಟರು. ಅದರ ಹೂವೂ ಹೀಗೆಯೇ ರಾತ್ರಿ ಅರಳುವ ಬಿಳಿ ಹೂವು. ನನ್ನ ಮಟ್ಟಿಗೆ ಹೇಳುವುದಾದರೆ, ಇಷ್ಟು ಕಾಲ ಮನೆಮನೆಯಲ್ಲಿ ಬಳಕೆಯಾದ ಹೆಸರನ್ನು ತಪ್ಪೆಂದು ಕಿತ್ತುಹಾಕುವ ಅಗತ್ಯವಿಲ್ಲ, ಎರಡು ಬೇರೆ ಗಿಡಗಳೆಂದು ತಿಳಿದಿದ್ದರೆ ಸಾಕು.

ಕಾನುತೋಟ (ಸಿದ್ದಾಪುರ, ಉತ್ತರ ಕನ್ನಡ), ಜನವರಿ 24

ಜಗಲಿಗಿಡ ಅವರ ಪತ್ರವನ್ನು ಎರಡು ಸಲ ಓದಿದೆ. ಗೊಬ್ಬರ, ಬಿಸಿಲು, ಹೆಸರು ಎಲ್ಲದರ ಚರ್ಚೆ ಆಯಿತು. ನನಗೆ ಕಣ್ಣಿಗೆ ಬಿದ್ದದ್ದು ಬೇರೆ. ಅದನ್ನು ಕೇಳುವ ಮೊದಲು ನಮ್ಮ ಮನೆಯ ಗಿಡದ ವಿಷಯ ಹೇಳಿಬಿಡುತ್ತೇನೆ.

ನಮ್ಮಲ್ಲಿ ಇದು ಕುಂಡದಲ್ಲಿ ಇಲ್ಲ. ಅಂಗಳದ ಅಂಚಿನ ಹಳೆಯ ಮಾವಿನ ಮರದ ಕವಲಿನಲ್ಲಿ, ಎದೆಮಟ್ಟದಲ್ಲಿ, ನಮ್ಮ ಅಮ್ಮ ತೆಂಗಿನ ಸಿಪ್ಪೆಯೊಳಗೆ ದರಕು (ತರಗೆಲೆ) ತುಂಬಿ, ಅದರಲ್ಲಿ ಒಂದು ತುಂಡನ್ನು ಇಟ್ಟು, ಬಾಳೆಪಟ್ಟೆಯಿಂದ ಬಿಗಿದು ಕಟ್ಟಿದ್ದರು. ಆಮೇಲೆ ಅದಕ್ಕೆ ಯಾರೂ ಮಣ್ಣು ಹಾಕಲಿಲ್ಲ, ಮಳೆಗಾಲದಲ್ಲಿ ನೀರೂ ಹಾಕಲಿಲ್ಲ. ಬೇಸಿಗೆಯಲ್ಲಿ ಮಾತ್ರ ವಾರಕ್ಕೊಮ್ಮೆ ಒಂದು ತಂಬಿಗೆ ಅಕ್ಕಿ ತೊಳೆದ ನೀರು ಎರಚುತ್ತಾರೆ. ಈಗ ಅದು ಮರದಿಂದ ಕೆಳಕ್ಕೆ ಜೋತುಬಿದ್ದು ಆಳೆತ್ತರದ ಪರದೆಯಾಗಿದೆ. ಕಳೆದ ಮಳೆಗಾಲದಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಮೂರು ಸುತ್ತಿನಲ್ಲಿ ಹೂ ಬಿಟ್ಟಿತು. ಎರಡನೆಯ ಸುತ್ತಿನಲ್ಲಿ ಟಾರ್ಚು ಹಿಡಿದು ಎಣಿಸಿದಾಗ 31 ಹೂ ಇದ್ದವು. ನಮ್ಮ ಅಂಗಳದಲ್ಲಿ ಬೀದಿದೀಪವಿಲ್ಲ, ಆ ರಾತ್ರಿ ಮರದ ಬುಡ ಬೆಳ್ಳಗೆ ಕಾಣುತ್ತಿತ್ತು.

ಈಗ ನನ್ನ ಪ್ರಶ್ನೆ. ತಂಗಿ, ನೀವು ತಾಂಬೂಲಕ್ಕೆ ಕೊಡುವ ಎಲೆ ಯಾವುದು? ಎಳೆಯದೋ ಬಲಿತದ್ದೋ? ವರ್ಷಕ್ಕೆ ಸುಮಾರು ಎಷ್ಟು ಕೊಡುತ್ತೀರಿ? ಮತ್ತು ಗಿಡದಿಂದ ದುಂಡಗೆ ಹೊರಡುವ ಆ ಉದ್ದನೆಯ ಕೋಲುಗಳನ್ನು ಏನು ಮಾಡುತ್ತೀರಿ?

ಜಗಲಿಗಿಡ (ಮೈಸೂರು), ಜನವರಿ 24

ಕೊಡುವುದೆಂದ ಮೇಲೆ ಒಳ್ಳೆಯದನ್ನೇ ಕೊಡಬೇಕಲ್ಲವೇ ಅಣ್ಣ? ಅಗಲವಾಗಿ, ದಪ್ಪವಾಗಿ, ಕಡುಹಸಿರಾಗಿ ಇರುವವನ್ನೇ ಆರಿಸಿ ಕೊಯ್ಯುತ್ತೇನೆ. ಎಳೆಯವು ಕೊಟ್ಟರೆ ಕೊಳೆಯುತ್ತವೆ ಎಂದು ಎಲೆ ಕೊಟ್ಟ ಸಹೋದ್ಯೋಗಿ ಹೇಳಿದ್ದರು. ಹಬ್ಬಕ್ಕೆ ಹನ್ನೆರಡರಿಂದ ಹದಿನೈದು, ಮತ್ತೆ ಗೌರಿ ಹಬ್ಬಕ್ಕೆ ಏಳೆಂಟು ಆಗಬಹುದು. ಕೋಲುಗಳು ನೋಡಲು ಚೆನ್ನಾಗಿರುವುದಿಲ್ಲವಾದ್ದರಿಂದ ಯುಗಾದಿಗೆ ಮನೆ ತೊಳೆಯುವಾಗ ಅರ್ಧಕ್ಕೆ ಕತ್ತರಿಸುತ್ತೇನೆ. ಬರೆಯುತ್ತಾ ಬರೆಯುತ್ತಾ ನನಗೇ ಏನೋ ಹೊಳೆಯುತ್ತಿದೆ.

ಕಾನುತೋಟ (ಸಿದ್ದಾಪುರ, ಉತ್ತರ ಕನ್ನಡ), ಜನವರಿ 25

ಹೊಳೆದದ್ದು ಸರಿಯಾಗಿಯೇ ಇದೆ. ಈ ಗಿಡ ಹೂ ಬಿಡುವುದು ಬಲಿತ ಎಲೆಯಲ್ಲಿ, ಅಂದರೆ ಸಸ್ಯಪಾಠ ಸರ್ ಭಾಷೆಯಲ್ಲಿ ಬಲಿತ ಚಪ್ಪಟೆ ಕಾಂಡದಲ್ಲಿ. ಈ ವರ್ಷ ಚಿಗುರಿದ ಎಲೆ ಈ ವರ್ಷವೇ ಹೂ ಕೊಡುವುದು ಅಪರೂಪ; ಅದು ಒಂದು ಬೇಸಿಗೆಯನ್ನಾದರೂ ಕಂಡು ಗಟ್ಟಿಯಾಗಬೇಕು. ನೀವು ಪ್ರತಿ ಆಗಸ್ಟ್‌ನಲ್ಲಿ, ಅದೂ ಹೂವಿನ ಕಾಲದ ನಟ್ಟನಡುವೆ, ಹೂ ಬಿಡಲು ಸಿದ್ಧವಾದ ಎಲೆಗಳನ್ನೇ ಆರಿಸಿ ಆರಿಸಿ ಊರಿಗೆ ಹಂಚಿದ್ದೀರಿ. ಅವುಗಳ ಕಣ್ಣುಗಳು ಬಲಿತಿದ್ದವು, ಆದ್ದರಿಂದ ಹೋದ ಮನೆಯಲ್ಲಿ ಬೇರು ಬಿಟ್ಟು ಬೇಗನೆ ಹೂವಾದವು. ನಿಮ್ಮಲ್ಲಿ ಉಳಿದದ್ದು ಸದಾ ಎಳೆಯ ಗಿಡ. ವಯಸ್ಸು ಏಳಾದರೂ ಅದಕ್ಕೆ ಯಾವತ್ತೂ ಎರಡು ವರ್ಷ ತುಂಬಿಲ್ಲ.

ಕೋಲುಗಳದ್ದೂ ಅದೇ ಕಥೆ. ಕೋಲಿನಂತೆ ದುಂಡಗೆ ಉದ್ದಕ್ಕೆ ಹೋಗುವುದು ತಾಯಿಕಾಂಡ. ಅದರ ಮೇಲ್ಭಾಗದಿಂದ ಅಕ್ಕಪಕ್ಕಕ್ಕೆ ಅಗಲವಾದ ಎಲೆಗಳು ಹೊರಡುತ್ತವೆ. ಅದನ್ನು ಅರ್ಧಕ್ಕೆ ಕಡಿದರೆ ಗಿಡ ಮತ್ತೆ ಮೊದಲಿನಿಂದ ಎಲೆ ಕಟ್ಟಬೇಕಾಗುತ್ತದೆ. ಕಡಿಯುವ ಬದಲು ಜಗಲಿಯ ಕಂಬಿಗೆ ಸಡಿಲವಾಗಿ ಕಟ್ಟಿ ಬಿಡಿ, ಮೇಲೆ ಹೋಗಿ ತಾನಾಗಿ ಬಾಗುತ್ತದೆ.

ಈ ವರ್ಷ ಒಂದೇ ಒಂದು ಎಲೆಯನ್ನೂ ಯಾರಿಗೂ ಕೊಡಬೇಡಿ. ಕೇಳಿದವರಿಗೆ ನನ್ನ ಹೆಸರು ಹೇಳಿ ಬೈಸಿ.

ತಾರಸಿತೋಟ (ಬೆಂಗಳೂರು), ಜನವರಿ 25

ಕಾನುತೋಟ ಅವರ ನೋಟಕ್ಕೆ ನಮಸ್ಕಾರ. ತಾಂಬೂಲದ ಸಾಲನ್ನು ನಾನು ಓದಿಯೂ ಓದದಂತೆ ದಾಟಿಹೋಗಿದ್ದೆ. ಆದರೂ ಎಲೆ ಕೊಡುವುದನ್ನು ನಿಲ್ಲಿಸಿದ ಮಾತ್ರಕ್ಕೆ ಹೂ ಬರುತ್ತದೆಂದು ನಾನು ಒಪ್ಪಲಾರೆ. ಕೆಮ್ಮಣ್ಣು, ಅರ್ಧ ಸಗಣಿ, 14 ಇಂಚಿನ ಕುಂಡ, ದಿನವೂ ನೀರು ಇವೆಲ್ಲ ಸೇರಿದರೆ ಬಲಿತ ಎಲೆಯೂ ಸುಮ್ಮನೆ ಸೊಪ್ಪು ಬೆಳೆಸುತ್ತ ಕೂರುತ್ತದೆ. ನಾನು ಇಲ್ಲಿ ಬಳಸುವ ಮಿಶ್ರಣ ಹೇಳುತ್ತೇನೆ: ತೊಳೆದು ಹಿಂಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಭಾಗ, ಎಲೆಗೊಬ್ಬರ ಒಂದು ಭಾಗ, ಕಡಲೆಗಾತ್ರದ ಇಟ್ಟಿಗೆ ಚೂರು ಮತ್ತು ಇದ್ದಿಲು ಸೇರಿ ಒಂದು ಭಾಗ, ಅದಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕೈಯಲ್ಲಿ ಹಿಂಡಿ ಬಿಟ್ಟರೆ ಉಂಡೆಯಾಗದೆ ಉದುರಬೇಕು. ಕುಂಡ ಹತ್ತು ಇಂಚಿನದು ಸಾಕು. ಬೇರು ತುಸು ಇಕ್ಕಟ್ಟಾಗಿದ್ದಾಗಲೇ ಇದು ಚೆನ್ನಾಗಿ ಹೂ ಬಿಡುತ್ತದೆ.

ಗೊಬ್ಬರದ ಬಗ್ಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಲೀಟರಿಗೆ ಒಂದು ಗ್ರಾಂ ಎಂದೆನಲ್ಲ, ಆ ಅಳತೆ ನನಗೆ ಗೊತ್ತಾದದ್ದು ಚಮಚದಲ್ಲಿ ಅಂದಾಜಿಗೆ ಹಾಕಿ ಒಂದು ಗಿಡವನ್ನು ಕಳೆದುಕೊಂಡ ಮೇಲೆ. ತೂಕದ ಸಣ್ಣ ಯಂತ್ರವಿಲ್ಲದಿದ್ದರೆ ಸೌದೆ ಒಲೆಯ ಬೂದಿಯನ್ನು ತಿಂಗಳಿಗೆ ಒಂದು ಚಮಚ ಉದುರಿಸಿದರೂ ಪೊಟ್ಯಾಷ್ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೂದಿ ಬೇಡ, ಮಣ್ಣು ಕ್ಷಾರವಾಗುತ್ತದೆ.

ಕಡಲತೀರ (ಉಡುಪಿ), ಜನವರಿ 27

ನಮ್ಮ ಕರಾವಳಿಯವರು ಈ ಚರ್ಚೆಯನ್ನು ಓದಿ ಮರಕ್ಕೆ ಕಟ್ಟಲು ಹೊರಡುವ ಮೊದಲು ಒಂದು ಮಾತು. ಜೂನ್-ಜುಲೈನಲ್ಲಿ ಇಲ್ಲಿ ಸುರಿಯುವ ಮಳೆಗೆ ಕುಂಡದಲ್ಲಿದ್ದ ಗಿಡದ ಬುಡ ಕೊಳೆತು ಮೆತ್ತಗಾಗುತ್ತದೆ. ಬುಡವನ್ನು ಹಿಸುಕಿದರೆ ಬೆಂದ ಗೆಣಸಿನಂತೆ ಕುಸಿದರೆ ಗಿಡ ಮುಗಿಯಿತೆಂದು ತಿಳಿಯಿರಿ, ಆಗ ಮೇಲಿನ ಗಟ್ಟಿ ಭಾಗವನ್ನು ಕೊಯ್ದು ಉಳಿಸಿಕೊಳ್ಳಬೇಕು. ಮರಕ್ಕೆ ಕಟ್ಟಿದ್ದು ಬದುಕುತ್ತದೆ, ಏಕೆಂದರೆ ನೀರು ನಿಲ್ಲುವುದಿಲ್ಲ. ಕುಂಡದಲ್ಲಿ ಇರುವುದನ್ನು ಮಾತ್ರ ಮಾಡಿನ ಕೆಳಗೆ ಇಡಿ.

ಇನ್ನೊಂದು ಉಪದ್ರ ಬಸವನಹುಳು. ಮೊಗ್ಗು ಬೆರಳುದ್ದ ಆಗುವಾಗ ರಾತ್ರಿ ಬಂದು ಬುಡವನ್ನೇ ಕೆರೆದು ತಿನ್ನುತ್ತದೆ. ಬೆಳಿಗ್ಗೆ ಮೊಗ್ಗು ನೆಲದಲ್ಲಿರುತ್ತದೆ, ನಾವು ಗೊಬ್ಬರ ಕಡಿಮೆಯಾಯಿತೆಂದು ಎಣಿಸುತ್ತೇವೆ. ಕುಂಡವನ್ನು ತೂಗುಹಾಕಿದ ಮೇಲೆ ನಮ್ಮಲ್ಲಿ ಅದರ ಕಾಟ ನಿಂತಿತು. ಎಲೆಯ ಸಂದಿಯಲ್ಲಿ ಹತ್ತಿಯಂತೆ ಕಾಣುವ ಹಿಟ್ಟು ತಿಗಣೆಗೆ ಬೇವಿನೆಣ್ಣೆ ಐದು ಮಿಲಿ, ಎರಡು ಹನಿ ಪಾತ್ರೆ ಸೋಪು, ಒಂದು ಲೀಟರ್ ನೀರು. ಸಂಜೆಯ ಹೊತ್ತು ಸಿಂಪಡಿಸಬೇಕು.

ದೂರದೂರು (ನ್ಯೂಜೆರ್ಸಿ), ಜನವರಿ 29

ನಾನು ಇಲ್ಲಿ ಹನ್ನೊಂದು ವರ್ಷಗಳಿಂದ ಈ ಗಿಡ ಬೆಳೆಸುತ್ತಿದ್ದೇನೆ. ಇಲ್ಲಿಯ ಕ್ರಮ ಇಷ್ಟೇ: ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲು ಒಳಗೆ ತರಬೇಕು, ಚಳಿಗಾಲವಿಡೀ ಕಿಟಕಿಯ ಬಳಿ ಇಟ್ಟು ಮೂರು ವಾರಕ್ಕೊಮ್ಮೆ ಮಾತ್ರ ನೀರು ಕೊಡಬೇಕು, ಮೇ ಕೊನೆಯಲ್ಲಿ ಹೊರಗೆ ಮೇಪಲ್ ಮರದ ನೆರಳಿಗೆ ಸರಿಸಬೇಕು. ಈ ಒಣಗಿನ ವಿಶ್ರಾಂತಿಯ ನಂತರ ಹೊರಗಿನ ಗಾಳಿ ಸೋಕಿದ ಕೂಡಲೇ ಮೊಗ್ಗು ಹೊರಡುತ್ತದೆ.

ಊರಿಗೆ ಬಂದಾಗ ಅಮ್ಮನ ಮನೆಯ ಎಲೆಯನ್ನು ಪೆಟ್ಟಿಗೆಯಲ್ಲಿಟ್ಟು ತರುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಬೇಡ. ಸಸ್ಯರೋಗದ ತಪಾಸಣೆ, ಪರವಾನಗಿ ಇಲ್ಲದೆ ಗಿಡದ ತುಂಡು ತರುವಂತಿಲ್ಲ. ಮೇಲಾಗಿ ಕಳ್ಳಿ ಕುಟುಂಬವು ಬಹುಮಟ್ಟಿಗೆ ಪೂರ್ತಿಯಾಗಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ಇಲ್ಲಿಯೇ ಕನ್ನಡ ಕೂಟದಲ್ಲಿ ಕೇಳಿದರೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ನನ್ನದೂ ಹಾಗೆ ಬಂದದ್ದು.

ಒಂದು ಸಂದೇಹ: ಡಿಸೆಂಬರ್ ಹೊತ್ತಿಗೆ ಹೂ ಬಿಡುವ ಕ್ರಿಸ್‌ಮಸ್ ಕಳ್ಳಿಗೆ ದೀರ್ಘ ಕತ್ತಲೆ ಬೇಕು ಎನ್ನುತ್ತಾರೆ. ಇದಕ್ಕೂ ಹಾಗೆಯೇ ರಾತ್ರಿ ದೀಪ ಬೀಳದಂತೆ ನೋಡಿಕೊಳ್ಳಬೇಕೇ?

ಸಸ್ಯಪಾಠ (ಧಾರವಾಡ), ಜನವರಿ 29

ಕ್ರಿಸ್‌ಮಸ್ ಕಳ್ಳಿ ಬ್ರೆಜಿಲ್ಲಿನ ಗಿಡ, ಅದು ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಜಾತಿ. ಬ್ರಹ್ಮಕಮಲ ನಮ್ಮಲ್ಲಿ ಹೂ ಬಿಡುವುದು ಮಳೆಗಾಲದಲ್ಲಿ. ಅದರ ಮೊಗ್ಗು ಹುಟ್ಟುವುದೇ ಹಗಲು ಉದ್ದವಿರುವ ಕಾಲದಲ್ಲಿ. ಆದ್ದರಿಂದ ಕ್ರಿಸ್‌ಮಸ್ ಕಳ್ಳಿಯ ನಿಯಮವನ್ನು ಇದಕ್ಕೆ ಹೇರಬೇಕಾಗಿಲ್ಲ. ನಮ್ಮ ಮನೆಯ ಗಿಡದ ನೆತ್ತಿಯ ಮೇಲೆಯೇ ಬೀದಿದೀಪವಿದೆ, ಅದು ವರ್ಷ ತಪ್ಪಿಸಿಲ್ಲ.

ಜಗಲಿಗಿಡ (ಮೈಸೂರು), ಫೆಬ್ರುವರಿ 18

ನಿನ್ನೆ ಕುಂಡ ಬದಲಿಸಿದೆ. ಹಳೆಯ ಕುಂಡವನ್ನು ಮಗ್ಗುಲಿಗೆ ಮಲಗಿಸಿ ಎಳೆದಾಗ ಕಂಡದ್ದನ್ನು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗವಾಗಬಹುದು. ಅಷ್ಟು ದೊಡ್ಡ ಕುಂಡದಲ್ಲಿ ಬೇರು ಇದ್ದದ್ದು ಮೇಲಿನ ನಾಲ್ಕು ಬೆರಳು ಮಾತ್ರ. ಅದರ ಕೆಳಗೆಲ್ಲ ಕೆಮ್ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ, ತಳದಲ್ಲಿ ಇನ್ನೂ ಹಸಿಯಾಗಿ, ಕೆಸರಿನ ವಾಸನೆ ಬರುತ್ತಿತ್ತು. ಕೆಳಗಿನ ಎರಡು ತೂತುಗಳು ಪೂರ್ತಿ ಮುಚ್ಚಿಹೋಗಿದ್ದವು. ಗಿಡ ಬದುಕಿದ್ದು ಆ ಮೇಲಿನ ನಾಲ್ಕು ಬೆರಳಿನ ಪುಣ್ಯದಿಂದ.

ತಾರಸಿತೋಟ ಅವರ ಮಿಶ್ರಣವನ್ನೇ ಹತ್ತು ಇಂಚಿನ ಮಣ್ಣಿನ ಕುಂಡಕ್ಕೆ ಹಾಕಿ ನೆಟ್ಟು, ಒಂದು ವಾರ ನೀರು ಮುಟ್ಟಿಸುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಕುಂಡವನ್ನು ಸೂರಿನ ಅಂಚಿಗೆ ಸರಿಸಿದ್ದೇನೆ, ಅಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತೂವರೆಯವರೆಗೆ ಎಳೆಬಿಸಿಲು ಬೀಳುತ್ತದೆ. ಕೋಲುಗಳನ್ನು ಹಳೆಯ ಸೀರೆಯ ಅಂಚಿನಿಂದ ಕಂಬಿಗೆ ಕಟ್ಟಿದ್ದೇನೆ. ಈ ಸಲ ಯುಗಾದಿಗೆ ಕತ್ತರಿ ಮುಟ್ಟುವುದಿಲ್ಲ.

ಜಗಲಿಗಿಡ (ಮೈಸೂರು), ಜೂನ್ 30

ಕೆಂಪು ಬಣ್ಣದ ಸಣ್ಣ ಉಬ್ಬುಗಳು ಒಂಬತ್ತು ಕಡೆ ಕಾಣಿಸಿವೆ. ಕಡಲೆಕಾಳಿನಷ್ಟಿವೆ. ಇದು ಮೊಗ್ಗೋ ಹೊಸ ಎಲೆಯೋ ತಿಳಿಯುತ್ತಿಲ್ಲ. ಸಂತೋಷಪಡಲು ಅಪ್ಪಣೆ ಇದೆಯೇ?

ಕಾನುತೋಟ (ಸಿದ್ದಾಪುರ, ಉತ್ತರ ಕನ್ನಡ), ಜೂನ್ 30

ಹೊಸ ಎಲೆಯಾದರೆ ಮೊದಲಿನಿಂದಲೇ ಚಪ್ಪಟೆಯಾಗಿ, ತುದಿಯಲ್ಲಿ ನವಿರಾದ ಕೂದಲಿನಂಥ ಮುಳ್ಳಿರುತ್ತದೆ. ಮೊಗ್ಗಾದರೆ ದುಂಡಗೆ, ಮೆಣಸಿನಕಾಯಿಯ ತೊಟ್ಟಿನಂತೆ ಹೊರಟು, ವಾರದಲ್ಲಿ ಕೆಳಕ್ಕೆ ಬಾಗುತ್ತದೆ. ನಾಲ್ಕು ದಿನ ತಾಳಿ, ಅದೇ ಹೇಳುತ್ತದೆ. ಮೊಗ್ಗೇ ಆಗಿದ್ದರೆ ಕುಂಡವನ್ನು ಅಲುಗಿಸಬೇಡಿ, ಜಾಗ ಬದಲಿಸಬೇಡಿ, ನೀರನ್ನು ಒಮ್ಮೆ ಬಿಟ್ಟು ಒಮ್ಮೆ ಸುರಿಯಬೇಡಿ. ಹುಟ್ಟಿದ್ದರಿಂದ ಅರಳುವವರೆಗೆ ಮೂರರಿಂದ ನಾಲ್ಕು ವಾರ ಲೆಕ್ಕ ಹಿಡಿಯಿರಿ.

ಜಗಲಿಗಿಡ (ಮೈಸೂರು), ಜುಲೈ 13

ಒಂಬತ್ತರಲ್ಲಿ ಎರಡು ಎಲೆಯಾದವು, ಏಳು ಮೊಗ್ಗಾದವು. ಆದರೆ ನಿನ್ನೆ ಮತ್ತು ಇಂದು ಮೂರು ಮೊಗ್ಗು ಹಳದಿಯಾಗಿ ತಾವೇ ಕಳಚಿ ಬಿದ್ದವು. ಬುಡದಲ್ಲಿ ಹುಳು ತಿಂದ ಗುರುತಿಲ್ಲ. ಎಲ್ಲಿ ತಪ್ಪಿದೆ?

ತಾರಸಿತೋಟ (ಬೆಂಗಳೂರು), ಜುಲೈ 13

ತಪ್ಪಾಗಿಲ್ಲ ಮೇಡಂ. ಮೊದಲ ಸಲ ಹೂ ಬಿಡುವ ಗಿಡ ತಾನು ಸಾಕಬಲ್ಲಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಉದುರಿಸುವುದುಂಟು. ಹೊಸ ಕುಂಡಕ್ಕೆ ಬೇರು ಇನ್ನೂ ಪೂರ್ತಿ ಹರಡಿಲ್ಲ. ಈಗ ಗಾಬರಿಯಾಗಿ ಗೊಬ್ಬರ ಮಾತ್ರ ಹಾಕಬೇಡಿ. ಬೆರಳು ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರಷ್ಟೇ ನೀರು.

ಜಗಲಿಗಿಡ (ಮೈಸೂರು), ಜುಲೈ 26

ನಾಲ್ಕೂ ಅರಳಿದವು, ನಿನ್ನೆ ರಾತ್ರಿ.

ಮೊನ್ನೆಯವರೆಗೆ ಕೆಳಕ್ಕೆ ಜೋತುಬಿದ್ದಿದ್ದ ಮೊಗ್ಗುಗಳು ಗಿಂಡಿಯ ಕೊಳವೆಯಂತೆ ಕತ್ತು ಬಾಗಿಸಿ ಮೇಲಕ್ಕೆ ಎದ್ದಿದ್ದವು. ನಿನ್ನೆ ಸಂಜೆ ಏಳಕ್ಕೆ ತುದಿ ಸಡಿಲವಾಗಿ ಒಳಗಿನ ಬಿಳುಪು ಗೀರಿನಂತೆ ಕಂಡಿತು. ಏಳೂಮುಕ್ಕಾಲಿಗೆ ಹೊರಗಿನ ಕಂದುಗೆಂಪು ಎಸಳುಗಳು ಒಂದೊಂದಾಗಿ ಹಿಂದಕ್ಕೆ ಚಾಚಿಕೊಂಡವು. ಕುರ್ಚಿ ಹಾಕಿಕೊಂಡು ಎದುರಿಗೇ ಕುಳಿತಿದ್ದರೂ ಅರಳುವ ಚಲನೆ ಕಣ್ಣಿಗೆ ಸಿಗಲಿಲ್ಲ. ಒಳಗೆ ಹೋಗಿ ಹಾಲು ಇಳಿಸಿ ಬಂದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿತ್ತು. ಒಂಬತ್ತರ ಹೊತ್ತಿಗೆ ಪರಿಮಳ ಬೀದಿಗೆ ಹೋಗಿ, ಎದುರುಮನೆಯವರು ಕರೆಯದೆಯೇ ಬಂದರು. ಹತ್ತು ಗಂಟೆಗೆ ಪೂರ್ತಿ ಅರಳಿದ ಒಂದನ್ನು ಮಗಳು ಸ್ಕೇಲು ಹಿಡಿದು ಅಳೆದಳು: ತೊಟ್ಟಿನ ಕೊಳವೆ ಸೇರಿ ಉದ್ದ 26 ಸೆಂಟಿಮೀಟರ್. ಒಳಗೆ ನೂರಾರು ಕೇಸರಗಳ ನಡುವೆ ಹೆಡೆ ಬಿಚ್ಚಿದಂತೆ ಬಿಳಿಯ ಶಲಾಕಾಗ್ರ. ಅತ್ತೆಯವರು ಅದನ್ನು ಆದಿಶೇಷನೆಂದು ಕೈಮುಗಿದರು. ಒಂದು ದೊಡ್ಡ ಕಂದು ಪತಂಗ ಎರಡು ಸಲ ಬಂದು ಹೋಯಿತು.

ಬೆಳಿಗ್ಗೆ ಐದಕ್ಕೆ ನೋಡಿದರೆ ನಾಲ್ಕೂ ಒದ್ದೆ ಬಟ್ಟೆಯಂತೆ ನೇತಾಡುತ್ತಿದ್ದವು. ಎರಡು ಮನೆ ಆಚೆಯವರನ್ನು ಈ ಸಲ ನಾನು ಕರೆದೆ, ಕೇಸರಿಬಾತನ್ನೂ ಮಾಡಿದ್ದೆ.

ಕೊನೆಯದಾಗಿ ಎರಡು ಪ್ರಶ್ನೆ. ಪತಂಗ ಬಂದುಹೋದದ್ದರಿಂದ ಕಾಯಿ ಕಚ್ಚುತ್ತದೆಯೇ? ಮತ್ತು ಮುಂದಿನ ತಿಂಗಳು ಹಬ್ಬ ಇದೆ. ಹೂ ಬಿಟ್ಟ ಎಲೆ ಮತ್ತೆ ಹೂ ಬಿಡುತ್ತದೆಯೇ, ಅಥವಾ ಅದನ್ನು ತಾಂಬೂಲಕ್ಕೆ ಕೊಡಬಹುದೇ?

ಸಸ್ಯಪಾಠ (ಧಾರವಾಡ), ಜುಲೈ 26

ಅಭಿನಂದನೆಗಳು. ಕಾಯಿ ಕಚ್ಚುವ ಸಂಭವ ತೀರ ಕಡಿಮೆ. ಈ ಗಿಡ ಸಾಮಾನ್ಯವಾಗಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ, ಬೇರೊಂದು ಮೂಲದ ಗಿಡದ ಪರಾಗ ಬೇಕು. ನಿಮ್ಮ ಬಡಾವಣೆಯಲ್ಲಿ ಇರುವುದೆಲ್ಲ ನೀವೇ ಹಂಚಿದ ಎಲೆಗಳಿಂದ ಬಂದ ಒಂದೇ ಗಿಡವಾದ್ದರಿಂದ ಪತಂಗ ಎಷ್ಟು ಮನೆ ಸುತ್ತಿದರೂ ಪ್ರಯೋಜನವಿಲ್ಲ.

ಎಲೆಯ ವಿಷಯಕ್ಕೆ ಬಂದರೆ, ಒಂದು ಕಣ್ಣು ಒಮ್ಮೆ ಹೂ ಕೊಟ್ಟ ಮೇಲೆ ಸಾಮಾನ್ಯವಾಗಿ ಅದೇ ಕಣ್ಣು ಮತ್ತೆ ಹೂ ಕೊಡುವುದಿಲ್ಲ. ಆದರೆ ಅದೇ ಎಲೆಯ ಉಳಿದ ಕಣ್ಣುಗಳು ಮುಂದಿನ ಸುತ್ತುಗಳಲ್ಲಿ, ಮುಂದಿನ ವರ್ಷಗಳಲ್ಲಿ ಹೂ ಬಿಡುತ್ತವೆ. ಒಂದು ಹೂವಾಯಿತೆಂದು ಎಲೆಯನ್ನು ಕೊಯ್ದರೆ ಮಿಕ್ಕ ಹತ್ತು ಕಣ್ಣುಗಳನ್ನು ಕಳೆದುಕೊಂಡಂತೆ.

ಕಾನುತೋಟ (ಸಿದ್ದಾಪುರ, ಉತ್ತರ ಕನ್ನಡ), ಜುಲೈ 27

ಹೂ ಬಿದ್ದ ಕಣ್ಣಿನಲ್ಲಿ ಸಣ್ಣ ಒಣ ಮಚ್ಚೆ ಉಳಿಯುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಬಹುಪಾಲು ಕಣ್ಣುಗಳಲ್ಲಿ ಅಂಥ ಮಚ್ಚೆ ಬಂದ ಹಳೆಯ ಎಲೆಯನ್ನು ಕೊಡಿ, ಅದು ಬೇರು ಬಿಟ್ಟು ಉಳಿದ ಕಣ್ಣಿನಿಂದಲೋ ಬುಡದಿಂದಲೋ ಹೊಸದು ಚಿಗುರಿಸಿಕೊಳ್ಳುತ್ತದೆ. ಅಂಥ ಎಲೆ ನಿಮ್ಮಲ್ಲಿ ಆಗಲು ಇನ್ನೂ ಮೂರ್ನಾಲ್ಕು ಮಳೆಗಾಲ ಬೇಕು. ಅಲ್ಲಿಯವರೆಗೆ ಗಾಳಿಗೆ ಮುರಿದದ್ದನ್ನೋ ಇಕ್ಕಟ್ಟಿನಲ್ಲಿ ಒಳಗೆ ಸಿಕ್ಕಿಕೊಂಡದ್ದನ್ನೋ ಮಾತ್ರ, ಅದೂ ದೀಪಾವಳಿಯ ನಂತರ ಕೊಯ್ಯಿರಿ. ಗೇಣುದ್ದ ತುಂಡು ಸಾಕು. ಕೊಯ್ದ ಬಾಯಿ ಒಣಗಲು ಒಂದು ವಾರ ನೆರಳಿನಲ್ಲಿಟ್ಟು, ಬುಡದ ಕಡೆಯೇ ಕೆಳಗೆ ಬರುವಂತೆ ಎರಡು ಬೆರಳು ಆಳಕ್ಕೆ ಊರಬೇಕು. ತಲೆಕೆಳಗಾಗಿ ನೆಟ್ಟು ಬೇರು ಬರಲಿಲ್ಲವೆಂದು ಕೇಳುವವರು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ, ಆದ್ದರಿಂದ ಕೊಡುವಾಗಲೇ ಬುಡದ ಕಡೆಗೆ ದಾರ ಕಟ್ಟಿ ಕೊಡಿ.

ಜಗಲಿಗಿಡ (ಮೈಸೂರು), ನವೆಂಬರ್ 24

ಸೆಪ್ಟೆಂಬರ್‌ನಲ್ಲಿ ಎರಡನೆಯ ಸುತ್ತಿನಲ್ಲಿ ಇನ್ನೂ ಮೂರು ಹೂವಾದವು. ಹಬ್ಬಕ್ಕೆ ಬಂದವರಿಗೆ ಈ ವರ್ಷ ರವಿಕೆ ಕಣ ಮತ್ತು ಬಳೆ ಮಾತ್ರ ಕೊಟ್ಟೆ. ಇಬ್ಬರು ಎಲೆ ಎಲ್ಲಿ ಎಂದು ಕೇಳಿಯೇ ಬಿಟ್ಟರು, ಕಾನುತೋಟ ಅಣ್ಣನ ಹೆಸರು ಹೇಳಿದೆ. ಕಳೆದ ವಾರದ ಗಾಳಿಗೆ ಎರಡು ಎಲೆ ಮುರಿದಿವೆ. ನಾಲ್ಕು ತುಂಡು ಮಾಡಿ, ಬುಡಕ್ಕೆ ಕೆಂಪು ದಾರ ಕಟ್ಟಿ, ಅಡುಗೆಮನೆಯ ಅಟ್ಟದ ಮೇಲೆ ಪತ್ರಿಕೆ ಹಾಸಿ ಒಣಗಲು ಇಟ್ಟಿದ್ದೇನೆ. ಮೈಸೂರಿನವರು ಯಾರಿಗಾದರೂ ಬೇಕಿದ್ದರೆ ಭಾನುವಾರದೊಳಗೆ ತಿಳಿಸಿ.